ಹಿಂದೆ ಕೂತವರನ್ನ ಹೊರಗೆ ಕಳಿಸಿ

ಕಟ್ಟುಕತೆ ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ದೊಡ್ಡಮ್ಮ ತೀರಿಕೊಂಡು ಆಗ ಇಪ್ಪತ್ತು ದಿನ.

ಅಕ್ಕ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಡುವ ಕೆಲಸದಲ್ಲಿದ್ದಳು. ಅವತ್ತು ರಾತ್ರಿ ಎಂಟು ಗಂಟೆಗೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪರೀಕ್ಷೆ. ಪಾಸಾದರೆ ಆಸ್ಪತ್ರೆಯಲ್ಲಿ ಕಾಯಂ ಕೆಲಸ. ಕತ್ತಲಲ್ಲಿ ಓಡೋಡಿ ಬಂದಳು. ಹಳೇ ಬಾವಿ ದಾಟುವಾಗ ಹಿಂದೆ ಸದ್ದು. ಸರ್ರ್... ಟಪ್. ಸರ್ರ್... ಟಪ್. ಕಾಲೆಳೆದುಕೊಂಡು ನಡೆದ ಹಾಗೆ. ತಿರುಗಿ ನೋಡಲಿಲ್ಲ. ಹೊತ್ತಾಗಿತ್ತಲ್ಲ...

ಒಂದೇ ಕೋಣೆಯ ಮನೆ. ಚಿಲಕ ಹಾಕಿ ಲ್ಯಾಪ್‌ಟಾಪ್ ತೆರೆದಳು. ಕಾಪಿ ಹೊಡೆಯದ ಹಾಗೆ ಆ ಕಡೆ ಕಾವಲಿಗೆ ಕೂತವನ ಮುಖ ಕಾಣುವುದಿಲ್ಲ, ಬರೀ ದನಿ. ಅವನಿಗೋ, ಇವಳ ಮನೆಯ ಮೂಲೆಮೂಲೆಯೂ ಕಾಣಬೇಕು.

"ಕ್ಯಾಮೆರಾ ತಿರುಗಿಸಿ. ಮಂಚದ ಕೆಳಗೆ ತೋರಿಸಿ. ಆ ದಿಂಬಿನ ಹತ್ರ ಏನದು?"

"ಸೀರೆ, ಸಾರ್."

"ಬಿಡಿಸಿ ತೋರಿಸಿ."

ಅವಳ ಅಮ್ಮ ಕೊನೆಗೆ ಉಟ್ಟಿದ್ದ ಸೀರೆ. ಒಗೆದಿರಲಿಲ್ಲ. ಅದಕ್ಕೆ ಮುಖ ಒತ್ತಿಕೊಂಡರೇ ಅವಳಿಗೆ ನಿದ್ದೆ. ನಮಗ್ಯಾರಿಗೂ ಗೊತ್ತಿರಲಿಲ್ಲ. ಗುರುತಿಲ್ಲದವನ ಮುಂದೆ ಅದನ್ನ ಬಿಡಿಸಿ ಹಿಡಿದಳು... ನಾಚಿಕೆಯಿಂದ ಹಿಡಿಯಷ್ಟಾದಳು.

ಪರೀಕ್ಷೆ ಶುರುವಾಗಿ ಹತ್ತು ನಿಮಿಷ. ಕಿರ್ರ್... ಮಂಚದ ಸದ್ದು.

"ಹಿಂದೆ ಕೂತಿರೋ ಅಮ್ಮನ್ನ ಹೊರಗೆ ಕಳಿಸಿ," ಅಂದಿತು ದನಿ.

"ಯಾರೂ ಇಲ್ಲ ಸಾರ್. ನಾನೊಬ್ಬಳೇ."

"ಮಂಚದ ಮೇಲಿದ್ದಾರಲ್ರೀ... ಎಡಗಾಲು ಒತ್ತಿಕೊಳ್ತಾ. ಒಂದು ನಿಮಿಷ ಟೈಮು. ಇಲ್ಲಾಂದ್ರೆ ಪರೀಕ್ಷೆ ರದ್ದು."

ತಿರುಗಿದಳು. ಖಾಲಿ ಮಂಚ. ದೊಡ್ಡಮ್ಮ ಹತ್ತು ವರ್ಷ ಆ ಎಡಗಾಲು ಎಳೆದುಕೊಂಡೇ ನಡೆದವರು.

ಹೆದರಿಕೆ ಆಗಲಿಲ್ಲವಂತೆ. ಇರು ಅನ್ನುವ ಆಸೆ... ಗಡಿಯಾರ ಓಡುತ್ತಿದೆ.

"ಅಮ್ಮಾ..." ಪಿಸುಗುಟ್ಟಿದಳು. "ಸ್ವಲ್ಪ ಹೊರಗಿರ್ತೀಯಾ?"

ಕಿರ್ರ್. ಸರ್ರ್... ಟಪ್. ಸರ್ರ್... ಟಪ್. ಚಿಲಕ ತೆಗೆದ ಸದ್ದಾಗಲಿಲ್ಲ.

"ಸರಿ, ಹೋದರು," ಅಂದ ಅವನು. "ಬರೀರಿ."

ಬರೆದಳು. ಪಾಸೂ ಆದಳು. ಆಮೇಲೆ ಪರೀಕ್ಷೆ ನಡೆಸಿದವರಿಗೆ ಫೋನು ಮಾಡಿ ಅಂಗಲಾಚಿದಳು, ಒಂದೇ ಒಂದು ಸಲ ಆ ವಿಡಿಯೋ ತೋರಿಸಿ ಅಂತ. ಖಾಸಗಿ ವಿಷಯ, ಯಾರಿಗೂ ತೋರಿಸಲ್ಲ ಅಂದರು. ಅವಳ ಮನೆ, ಅವಳ ಅಮ್ಮ... ಅವಳಿಗೇ ಇಲ್ಲ.

ಅಮ್ಮ ಮತ್ತೆ ಬರಲೂ ಇಲ್ಲ.

ನಂಬೋದು ಬಿಡೋದು ನಿಮಗೆ ಸೇರಿದ್ದು. ನಾನಂತೂ ಅಕ್ಕನ ಬಾಯಿಂದಲೇ ಕೇಳಿದ್ದೇನೆ. ಅವತ್ತು ಹತ್ತು ಗಂಟೆಗೆ ಪರೀಕ್ಷೆ ಮುಗಿದದ್ದೇ ಬಾಗಿಲು ತೆಗೆದು ಹೊರಗೆ ಓಡಿದಳು. ಯಾರೂ ಇಲ್ಲ. ಚಳಿಗೆ ನೆಲವೆಲ್ಲ ಕೊರೆಯುತ್ತಿತ್ತು. ಬಗ್ಗಿ ಬಾಗಿಲ ಮುಂದಿನ ಮೆಟ್ಟಿಲು ಮುಟ್ಟಿದಳು... ಒಬ್ಬರು ಕೂರುವಷ್ಟು ಜಾಗ ಬೆಚ್ಚಗಿತ್ತು.