ಹೂಮಾಲೆ ಸುತ್ತಿದ ಬ್ರೇಕು

ಭಕ್ತರೇ, ಒಂದು ಪೇಟೆಯಲ್ಲಿ ಜವಳಿ ವ್ಯಾಪಾರದಿಂದ ಸಿರಿವಂತನಾದ ಗೃಹಸ್ಥನೊಬ್ಬನಿದ್ದ. ಅವನ ಅಕ್ಕರೆಯೆಲ್ಲ ತನ್ನ ಬೈಕಿನ ಮೇಲೆ. ಶುಕ್ರವಾರ ಬಂತೆಂದರೆ ಅದನ್ನು ತೊಳೆದು, ಕುಂಕುಮವಿಟ್ಟು, ಹ್ಯಾಂಡಲ್ಲಿಗೆ ಸೇವಂತಿಗೆಯ ಮಾಲೆ ಸುತ್ತುವನು. ಮಾಲೆಯ ದಾರ ಬಲಗೈಯ ಬ್ರೇಕನ್ನೂ ಸೇರಿಸಿ ಬಿಗಿಯುತ್ತಿತ್ತು. ಹೆಂಡತಿ ಕೇಳಿದರೆ, "ಮುಂದಿನ ಬ್ರೇಕ್ ಹಿಡಿದ್ರೆ ಗಾಡಿ ಮಗುಚುತ್ತೆ ಕಣೆ. ಕಾಲಿಂದು ಸಾಕು. ಉಳಿದದ್ದು ದೇವರು ನೋಡ್ಕೊಳ್ತಾನೆ" ಎನ್ನುವನು.

"ದೇವರಿಗೆ ಬೇರೆ ಕೆಲಸ ಇಲ್ವಾ?" ಎಂದು ಅವಳು ನಗುವಳು.

ಒಂದು ಮುಂಜಾನೆ ಇಬ್ಬರೂ ಕೆರೆಯ ಏರಿಯ ಮೇಲೆ ಹೊರಟಿದ್ದರು. ನೀರಿನಿಂದೆದ್ದ ಮಂಜು ದಾರಿಯನ್ನು ಹಾಲಿನಲ್ಲಿ ಅದ್ದಿದಂತಿತ್ತು. ನೆಲವೆಲ್ಲಿ, ಆಕಾಶವೆಲ್ಲಿ? ಚಕ್ರಗಳು ನೆಲವನ್ನೇ ಮುಟ್ಟುತ್ತಿಲ್ಲವೆಂದು ಅವನಿಗೆ ಭ್ರಮೆ, ತೇಲುತ್ತಿರುವೆನೆಂಬ ಸುಖ. "ರೀ, ನಿಧಾನ" ಎಂದಳು. ಆ ಮಾತೂ ಕನಸಿನೊಳಗಿಂದ ಬಂದಂತೆ ಕೇಳಿತು.

ಆಗ ಮಂಜೇ ಕಪ್ಪಾಗಿ ಹೆಪ್ಪುಗಟ್ಟಿದಂತೆ ಎದುರಿಗೊಂದು ಎಮ್ಮೆ. ನೋಡಿ, ಅವನೇನು ಮಾಡಿದ? ಕಣ್ಣನ್ನು ಎಮ್ಮೆಯಲ್ಲೇ ನೆಟ್ಟ; ಕಾಲಿನ ಬ್ರೇಕನ್ನು ಮೈಭಾರವೆಲ್ಲ ಹಾಕಿ ತುಳಿದ. ಹಿಂದಿನ ಚಕ್ರ ತಿರುಗುವುದನ್ನು ಬಿಟ್ಟು ಜಾರತೊಡಗಿತು. ಬಲಗೈ ತಾನಾಗಿ ಮುಂದಿನ ಬ್ರೇಕಿಗೆ ಹೋಯಿತು. ಹೋಗಿ ಏನು ಪ್ರಯೋಜನ? ಬೆರಳಿಗೆ ಸಿಕ್ಕಿದ್ದು ಹೂವು, ಬಿಗಿದ ದಾರ. ಬೈಕು ಅಡ್ಡ ಮಲಗಿತು. ಎಮ್ಮೆ ಮೆಲುಕು ಹಾಕುತ್ತ ಮಂಜಿನೊಳಗೆ ಕರಗಿತು. ಅವನಿಗೆ ತರಚು ಗಾಯ. ಅವಳ ಮುಂಗೈ ಮೂಳೆ ಮುರಿದಿತ್ತು.

ಹೆಂಡತಿ ಬೈಯಲಿಲ್ಲ. "ಇನ್ನು ನಿಮ್ಮ ಹಿಂದೆ ಕೂರಲ್ಲ ರೀ. ಬಸ್ಸಲ್ಲಿ ಹೋಗ್ತೀನಿ" ಎಂದಳು, ಅಷ್ಟೆ. ಬೆನ್ನ ಹಿಂದೆ ಕುಳಿತಿದ್ದ ಆ ನಂಬಿಕೆಯನ್ನು ಅವನು ಯಾವ ಅಂಗಡಿಯಲ್ಲಿ ಕೊಳ್ಳಬೇಕು?

ಅವಳ ತಮ್ಮ ಅವನನ್ನು ಖಾಲಿ ಮೈದಾನಕ್ಕೆ ಕರೆದೊಯ್ದ. "ಭಾವ, ಗಾಡಿ ನೆಟ್ಟಗಿರ್ಲಿ. ಎರಡೂ ಬ್ರೇಕ್ ಒಟ್ಟಿಗೆ. ಮುಂದಿಂದನ್ನ ಗಬಕ್ಕನೆ ಹಿಡೀಬೇಡಿ. ಒದ್ದೆ ಬಟ್ಟೆ ಹಿಂಡೋ ಹಾಗೆ ಬಿಗಿ ಮಾಡ್ತಾ ಹೋಗಿ. ಕಣ್ಣು ದೂರಕ್ಕಿರ್ಲಿ."

"ಬಟ್ಟೆ ಮಾರಿ ಗೊತ್ತು, ಹಿಂಡಿ ಗೊತ್ತಿಲ್ಲಪ್ಪ."

"ಅಕ್ಕನೂ ಅದನ್ನೇ ಹೇಳ್ತಾಳೆ."

ಎಳೆಬಿಸಿಲಿನಲ್ಲಿ ದಿನವೂ ಅಭ್ಯಾಸ ನಡೆಯಿತು. ಅಂಜುತ್ತಿದ್ದ ಬೆರಳುಗಳು ಜಪಮಣಿ ಎಣಿಸುವ ಬೆರಳುಗಳಂತೆ ಶಾಂತವಾದವು. ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುವುದು ಅವನಿಗೆ ಅಂಗೈಯಲ್ಲೇ ತಿಳಿಯತೊಡಗಿತು. ಮುರಿದ ಮುಂಗೈ ವಾಸಿಯಾದ ಮೇಲೆ ಒಂದು ಬೆಳಗ್ಗೆ ಹೆಂಡತಿಯೂ ಮೈದಾನದ ಅಂಚಿಗೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಹೂವು ಎಲ್ಲಿ?"

"ದೇವರ ಕೋಣೇಲಿ."

ಅವಳು ಸೆರಗು ಸಿಕ್ಕಿಸಿ, ಅವನ ಭುಜ ಹಿಡಿದು ಕುಳಿತಳು. "ಇನ್ನೊಂದ್ಸಲ ನಿಲ್ಸಿ, ನೋಡ್ತೀನಿ."

ಈಗ ಪ್ರಶ್ನೆ ನಿಮಗೆ. ಈ ಸಭಾಂಗಣದ ಹೊರಗೆ ಸಾಲಾಗಿ ನಿಂತಿವೆಯಲ್ಲ ನಿಮ್ಮ ಗಾಡಿಗಳು, ಅವುಗಳ ಮುಂದಿನ ಬ್ರೇಕಿಗೆ ಎಷ್ಟು ಜನರ ಬೆರಳಿನ ಪರಿಚಯವಿದೆ? ಭಕ್ತಿಯು ಕೈಯನ್ನು ಎಚ್ಚರಗೊಳಿಸಬೇಕು. ಕಟ್ಟಿಹಾಕಿದರೆ ಅದು ಭಕ್ತಿಯ ವೇಷ ತೊಟ್ಟ ಸೋಮಾರಿತನ. ಭಯದ ಕ್ಷಣದಲ್ಲಿ ಯಾವ ವಿದ್ಯೆಯೂ ಹೊಸದಾಗಿ ಹುಟ್ಟದು. ಶಾಂತಿಯಲ್ಲಿ ರೂಢಿಸಿದ್ದೇ ಆಗ ಒದಗುತ್ತದೆ. ಕೋಪ ನುಗ್ಗಿ ಬಂದಾಗಲೂ ಹೀಗೆಯೇ ಅಲ್ಲವೇ?

ಆದ್ದರಿಂದ ನಾಳೆ ಪೂಜೆ ಮುಗಿದ ಮೇಲೆ, ಮಡದಿಯನ್ನಾಗಲಿ ಮಗುವನ್ನಾಗಲಿ ಹಿಂದೆ ಕೂರಿಸಿಕೊಳ್ಳುವ ಮೊದಲು, ಒಬ್ಬರೇ ಒಂದು ಖಾಲಿ ಜಾಗಕ್ಕೆ ಹೋಗಿ. ಅಲ್ಲಿ ನಿಲ್ಲುವುದನ್ನು ಕಲಿಯಿರಿ.