ಹಿಂದಿನ ಸೀಟಿನ ಚಳಿ

ಗ್ಯಾರೇಜಿನ ಬೆಂಚಿನ ಮೇಲೆ ಬೆವರೊರೆಸಿಕೊಳ್ಳುತ್ತ ತನ್ನ ಕಾರಿಗೆ ಕಾಯುತ್ತಿದ್ದ ಟ್ಯಾಕ್ಸಿಯವನ ಕಿವಿ ನೆಟ್ಟಗಾಯಿತು.

"ಅಕ್ಕಾ, ಎಸಿಯಲ್ಲಿ ಗ್ಯಾಸೇ ಇಲ್ಲ. ಕಂಪ್ರೆಸರ್ ಯಾವತ್ತೋ ಜಾಮ್ ಆಗಿದೆ," ಎಂದ ಮೆಕ್ಯಾನಿಕ್.

"ತಣ್ಣಗಾಗಲ್ಲ ಅಂತ ನಾನೆಲ್ಲಪ್ಪಾ ಹೇಳ್ದೆ? ಹಿಂದಿನ ಸೀಟಲ್ಲಿ ಚಳಿ ನಿಲ್ತಿಲ್ಲ ಅಂದೆ," ಎಂದಳು ಕಾರಿನೊಡತಿ.

"ಹಿಂದಕ್ಕೆ ಗಾಳಿ ಬರೋ ದಾರೀನೇ ಇಲ್ವಲ್ಲಕ್ಕಾ!"

"ನಮ್ಮತ್ತೆ ಗೊಣಗ್ತಿದ್ದಿದ್ದೂ ಅದನ್ನೇ. ಸಾಯೋವರೆಗೂ ಸೆಕೆ ಸೆಕೆ ಅಂತ ನನ್ನ ಪ್ರಾಣ ತಿಂದ್ರು."

ಮೆಕ್ಯಾನಿಕ್ ಬಾನೆಟ್ ಮುಚ್ಚಿದ. "ಹೊಸ ಕಂಪ್ರೆಸರ್ ಹಾಕ್ಲಾ?"

"ಬೇಡ ಬಿಡು. ಈಗಾದ್ರೂ ಸುಮ್ನೆ ಕೂತಿದಾರೆ."

ಅವಳು ಕಾರು ಹತ್ತಿದಳು. ಹಿಂದಿನ ಒಂದು ಕಿಟಕಿಯ ಗಾಜು ಮಾತ್ರ ಮಂಜು ಹಿಡಿದಿದ್ದು ಟ್ಯಾಕ್ಸಿಯವನಿಗೂ ಕಂಡಿತು. ಮೆಕ್ಯಾನಿಕ್ ಬಟ್ಟೆ ತಂದು ಹೊರಗಿನಿಂದ ತಿಕ್ಕಿದ. ಮಂಜು ಒಳಗಡೆಯಿತ್ತು.

"ಬಿಡಪ್ಪಾ," ಎನ್ನುತ್ತ ಅವಳು ಗೇರ್ ಹಾಕಿದಳು, "ಅವರೇ ಒರೆಸ್ಕೋತಾರೆ."