ಹಿಮದ ಮೇಲೆ ಮೂರು ಪುಸ್ತಕ

...ಅಯ್ಯೋ, ಅಷ್ಟು ನಗಬೇಡ ಕಣೇ ಹೂಗೆಟ್, ಸೊಂಟ ನೋಯುತ್ತೆ! ನಿಜವಾಗ್ಲೂ ಹಾಗೇ ಆಯ್ತು. ರೇಜಾನ್ ಕುಂಚ ಅದ್ದಿದ್ರೆ ನೀರು ಗಡ್ಡೆ ಕಟ್ಕೊಂಡು ಕೂತಿದೆ. ನಾನು ಮೊದಲೇ ಹೇಳಿದ್ದೆ, ನೀರಿಗೆ ಒಂದು ಗುಟುಕು ವೋಡ್ಕಾ ಬೆರೆಸ್ಕೋ ಮಾರಾಯ, ಗಡ್ಡೆ ಕಟ್ಟಲ್ಲ, ಜನವರೀಲಿ ಕಾಲುವೆ ದಂಡೇಲಿ ಕೂತು ಬಣ್ಣ ಹಾಕೋರು ಎಲ್ಲಾ ಹಂಗೇ ಮಾಡೋದು ಅಂತ. 'ವೋಡ್ಕಾ ತಂದಿದ್ದೆ ದೆಯೊಲಿಂದಾ, ಆದ್ರೆ ದಾರೀಲಿ ನನಗೂ ಗಡ್ಡೆ ಕಟ್ಟೋ ಹಂಗಾಯ್ತು' ಅಂತಾನೆ! ಹೂಂ... ಪೂರ್ತಿ ಬಾಟಲಿ!

ತಡಿ, ಕೋಟು ಬಿಚ್ತೀನಿ. ಈ ವೃದ್ಧಾಶ್ರಮದವರು ಎಷ್ಟು ಶಾಖ ಇಡ್ತಾರಪ್ಪಾ! ನಿಮ್ಮನ್ನೆಲ್ಲ ನೋಡ್ಕೊಳ್ತಾರೋ ಬೇಯಿಸ್ತಾರೋ?

ಮ್ಯೂರಿಯಲ್ಲಾ? ಬಂದಿದ್ಲು, ಬರದೆ ಇರ್ತಾಳಾ. ಚಳಿ ತಡೀಲಾರದೆ ಮೂರೂ ಜನ ಮ್ಯೂಸಿಯಮ್ಮಿಗೆ ಓಡಿದ್ವಿ. ಅಲ್ಲಿ ನಮ್ಮ ಮ್ಯೂರಿಯಲ್ ರಾಣಿ ಪೆನ್ನು ತೆಗೆದ್ಲು ನೋಡು. ಕಾವಲಿನ ಹುಡುಗಿ ಬಂದ್ಲು, 'ಅಮ್ಮಾ, ಇಲ್ಲಿ ಪೆನ್ಸಿಲ್ ಮಾತ್ರ.' ಇವಳು ತನ್ನ ಇಂಗ್ಲಿಷ್ ನಾಲಗೆಯ ಫ್ರೆಂಚಲ್ಲಿ, 'ಯಾಕೆ, ನನ್ನ ಶಾಯಿ ಹಾರಿಹೋಗಿ ಗೋಡೆ ಮೇಲಿನ ಚಿತ್ರದ ಮೇಲೆ ಕೂರುತ್ತಾ, ಚಿಟ್ಟೇನಾ ಅದು?' ಪಾಪ, ಹುಡುಗಿ ಕೆಂಪಗಾಗಿ ಹೋದ್ಲು. ಆಮೇಲೆ ನಾನೇ ನನ್ನ ಪೆನ್ಸಿಲ್ ಕೊಟ್ಟೆ.

ಮತ್ಯಾಕೆ ನಗ್ತೀಯಾ? ನಾನು ಏನು ಹೇಳಿದ್ರೂ ನಗು ನಿನಗೆ ಇವತ್ತು...

ಅದೇನದು, ಬಾಗಿಲ ಹತ್ರ? ನಿನ್ನ ಬಣ್ಣಗಳನ್ನೆಲ್ಲ ರಟ್ಟಿನ ಪೆಟ್ಟಿಗೇಲಿ ತುಂಬಿದ್ದೀಯಾ? ಇನ್ನೂ ಉತ್ತರಾನೇ ಕೊಟ್ಟಿಲ್ಲ ಅಂದಿದ್ದೆಯಲ್ಲೇ. ...ಗೊತ್ತು, ನಿನ್ನ ಅಕ್ಕನ ಮಗ ನಾಳೆ ಬರ್ತಾನೆ. ನೀನು ಹೂಂ ಅಂದ್ರೆ ತನ್ನೂರು ರಿಮೂಸ್ಕಿಗೆ ಕರ್ಕೊಂಡು ಹೋಗ್ತಾನೆ, ನಿನ್ನ ಫ್ಲಾಟ್ ಬಿಟ್ಟುಕೊಡ್ತಾನೆ. ರಿಮೂಸ್ಕಿ! ಏನಿದೆ ಅಲ್ಲಿ? ನದಿ, ಗಾಳಿ, ಅವನ ಹೆಂಡತಿಯ ಟೀವಿ. ಬೇಡ ಅನ್ನು. ಏಪ್ರಿಲಲ್ಲಿ ಹಿಮ ಕರಗುತ್ತೆ, ಅಷ್ಟೊತ್ತಿಗೆ ಮುರಿದ ಸೊಂಟ ಕೂಡ್ಕೊಳುತ್ತೆ, ಮಡಚೋ ಕುರ್ಚಿ ನಾನೇ ಹೊರ್ತೀನಿ. ನಾವು ಮೂರೂ ಜನ ನಿನಗೆ ಕಾಯ್ತಾ ಇದ್ದೀವಿ ಕಣೇ. ಮೂರೂ ಜನ.

ನಾನಾ? ನಾನು ಯಾಕೆ ಹುಟ್ಟಿದ ದ್ವೀಪಕ್ಕೆ ವಾಪಸ್ ಹೋಗ್ಲಿ? ಅಲ್ಲಿ ಯಾರಿದ್ದಾರೆ, ಹೈಡ್ರೇಂಜಿಯಾ ಹೂವಿನ ಬೇಲಿ ಬಿಟ್ರೆ? ಈ ಊರಲ್ಲಿ ಎಷ್ಟೋ ವರ್ಷ ರಾತ್ರಿ ಹೊತ್ತು ಆಫೀಸುಗಳ ನೆಲ ಒರೆಸಿದೆ, ಹಗಲು ಮಲಗಿದೆ. ಊರು ಹೇಗಿದೆ ಅಂತಾನೇ ನೋಡಿರ್ಲಿಲ್ಲ. ನೀನು ರಸ್ತೆ ಬದೀಲಿ ಕೂತು ಯಾರದೋ ಮನೆ ಮುಂದಿನ ಕಬ್ಬಿಣದ ಸುತ್ತುಮೆಟ್ಟಿಲು ಬಿಡಿಸ್ತಾ ಇದ್ದೆ. ನಾನು ಬೆನ್ನ ಹಿಂದೆ ನಿಂತು ನಿಂತು... ನೀನು ತಿರುಗದೇನೇ ಒಂದು ಹಾಳೆ ಹರಿದು ಕೊಟ್ಟೆ. 'ನಿಂತು ನನ್ನ ಬೆಳಕಿಗೆ ಅಡ್ಡ ಆಗ್ಬೇಡ, ಕೂತ್ಕೊಂಡು ನೀನೂ ಬಿಡಿಸು.' ಹಾಗೆ ಅಂದಿದ್ದೆ. ಈ ಊರಲ್ಲಿ ನನ್ನನ್ನ ಕೂತ್ಕೋ ಅಂದವಳು ನೀನೇ ಮೊದಲು.

ಹೋಗ್ಲಿ ಬಿಡು. ಫೋಟೋ ನೋಡು. ಎಂದಿನ ಹಾಗೇ ಕೊನೇಲಿ ಚಿತ್ರದ ಪುಸ್ತಕ ಎಲ್ಲಾ ತೆರೆದು ನೆಲದ ಮೇಲೆ ಜೋಡಿಸಿ ತೆಗೆದಿದ್ದು. ಮ್ಯೂಸಿಯಮ್ಮಿನ ಹೊರಗೆ, ಹಿಮದ ಮೇಲೆ. ಕಾಣ್ತಾ? ಮೂರು ಪುಸ್ತಕ, ಪಕ್ಕದಲ್ಲಿ ಖಾಲಿ ಜಾಗ. ಅದು ನಿಂದು. ...ನಮ್ಮ ಕಾಲುಗಳು ಯಾಕೆ ಕಾಣಲ್ವಾ? ಬಗ್ಗಿ ತೆಗೆದೆ, ಅದಕ್ಕೆ.

ಇರು, ಪುಸ್ತಕಗಳನ್ನೇ ತಂದಿದ್ದೀನಿ. ಹೂಂ, ಅವರೇ ಕೊಟ್ರು, ಹೂಗೆಟ್ ನೋಡ್ಲಿ ಅಂತ. ಇದು ರೇಜಾನ್‌ದು. ಕಾಲುವೆ ಸೇತುವೇನೂ ಕುಡಿದಿರೋ ಹಾಗೆ ವಾಲಿದೆ ನೋಡು, ಮೂಲೇಲಿ ಕಾಫಿ ಲೋಟದ ಉಂಗುರ ಬೇರೆ. ಇದು ಮ್ಯೂರಿಯಲ್‌ದು. ಮನುಷ್ಯರಿಗೆ ಮುಖ ಇಲ್ಲ, ನಾಯಿಗಳಿಗೆ ಮಾತ್ರ ಇದೆ! ಇದು ನಂದು, ಇದನ್ನ ಬಿಡು.

ಕನ್ನಡಕ ಯಾಕೆ? ...ಸರಿ, ತಗೋ.

ಪೆನ್ಸಿಲ್ ಯಾಕೆ ರೇಜಾನ್‌ನ ಸೇತುವೆ ಮೇಲೆ ಅಡ್ಡ ಇಡ್ತಿದ್ದೀಯಾ? ಅದು ನೆರಳಿನ ಗೀರು ಕಣೇ, ಅಷ್ಟೇ. ಗೀರು ಎಳೆಯದೆ ನೆರಳು ಹೇಗೆ ಬರುತ್ತೆ?

ಹೂಗೆಟ್... ಮ್ಯೂರಿಯಲ್‌ದು ಪಕ್ಕಕ್ಕೆ ಯಾಕೆ ಇಟ್ಕೊಂಡೆ? ನಂದು ಬೇಡ ಅಂದ್ನಲ್ಲ... ಕೊಡಿಲ್ಲಿ.

ಹೌದು. ಮೂರರಲ್ಲೂ ಒಂದೇ ಕಡೆ ವಾಲಿದೆ. ಬಲಗೈಯವರು ಎಳೆದ ಗೀರು ಆ ಕಡೆ ವಾಲುತ್ತೆ, ನನ್ನ ಎಡಗೈದು ಈ ಕಡೆ. ಗೊತ್ತು. ...ರೇಜಾನ್‌ಗೆ ಬಲಗೈ ಉಳುಕಿದೆ ಕಣೇ, ಅದಕ್ಕೇ ಈ ಸಲ ಎಡಗೈಯಲ್ಲಿ... ಮ್ಯೂರಿಯಲ್ಲೂ...

ಮೂರನ್ನೂ ಮುಚ್ಚಿ ನನ್ನ ಕಡೆ ಯಾಕೆ ಸರಿಸ್ತೀಯಾ? ಬೈಯಿ ಬೇಕಾದ್ರೆ.

ಸರಿ. ಮ್ಯೂರಿಯಲ್ ನವೆಂಬರಲ್ಲೇ ಹೋದ್ಲು, ದೇಶದ ಆ ತುದಿ ವಿಕ್ಟೋರಿಯಾಕ್ಕೆ, ಮಗಳ ಹತ್ರ. ಅಲ್ಲಿ ಹಿಮಾನೇ ಬೀಳಲ್ವಂತೆ. ರೇಜಾನ್ ಫೋನ್ ಎತ್ತಲ್ಲ. ಮನೆಗೇ ಹೋಗಿದ್ದೆ. ಬಾಗಿಲು ಅರ್ಧ ತೆರೆದ, 'ಕೈ ನಡುಗುತ್ತೆ ದೆಯೊಲಿಂದಾ, ಇನ್ನು ಕರೀಬೇಡ' ಅಂದ. ಅಷ್ಟೇ, ಬಾಗಿಲು ಹಾಕ್ಕೊಂಡ. ಅವರಿಬ್ಬರ ಪುಸ್ತಕಗಳು ಅಂಗಡೀಲಿ ಕೊಂಡಿದ್ದು. ವಾಲಿದ ಗೆರೆ, ಕಾಫಿ ಉಂಗುರ, ನಾಯಿ, ಎಲ್ಲಾ ನಾನೇ ಕೂತು ಅಭ್ಯಾಸ ಮಾಡಿದೆ. ಗೀರು ಮರೆತೇಹೋಯ್ತು. ನನ್ನ ಕೈ ನನಗೆ ಕಾಣುತ್ತಾ?

ಇವತ್ತು ಮೂರೂ ಹಿಮದ ಮೇಲೆ ಜೋಡಿಸ್ತಾ ಇದ್ದಾಗ ದಾರೀಲಿ ಹೋಗ್ತಿದ್ದವನೊಬ್ಬ ನಿಂತು ಕೇಳಿದ, ಬಾಕಿಯವರು ಎಲ್ಲಿ ಅಂತ. ಶೌಚಕ್ಕೆ ಹೋಗಿದ್ದಾರೆ ಅಂದೆ. ಪಾಪ, ಒಳ್ಳೆಯವನು, ಪುಸ್ತಕ ಕಾಯ್ತಾ ಸ್ವಲ್ಪ ಹೊತ್ತು ಜೊತೇಲಿ ನಿಂತ. ಆಮೇಲೆ ಅವನಿಗೂ ಬಸ್ಸು ಬಂತು.

ಈಗ ಯಾಕೆ ನಗ್ತಿಲ್ಲ ನೀನು?

...ಹೂಗೆಟ್. ಇದು ಇವತ್ತು ಗೊತ್ತಾಗಿದ್ದಲ್ಲ ನಿನಗೆ, ಅಲ್ವಾ? ಕನ್ನಡಕ ಹಾಕ್ಕೊಳ್ಳೋಕೆ ಮೊದಲೇ ಪೆನ್ಸಿಲ್ ಕೈಯಲ್ಲಿತ್ತು. ಏನು ಹುಡುಕ್ಬೇಕು ಅಂತ ಗೊತ್ತಿತ್ತು ನಿನಗೆ. ಯಾವಾಗಿಂದ? ...ಕ್ರಿಸ್ಮಸ್ಸಿಗೂ ಮೊದಲೇನಾ? ಆಗಿನ ಫೋಟೋಗಳಲ್ಲೇ ಗೀರು ಕಂಡಿತ್ತಾ?

ಮತ್ತೆ ಹೋದ ಭಾನುವಾರ ನಾನು ಹೊರಟಾಗ ಬಾಗಿಲ ತನಕ ಆ ಸೊಂಟ ಎಳ್ಕೊಂಡು ಬಂದು ಹೇಳಿದೆಯಲ್ಲ... ರೇಜಾನ್‌ಗೆ ಹೇಳು, ಈ ಚಳೀಲಿ ಅಷ್ಟು ಹೊತ್ತು ಹೊರಗೆ ಕೂರಬೇಡ ಅಂತ ಹೇಳು, ಕುತ್ತಿಗೆಗೆ ಏನಾದ್ರೂ ಸುತ್ಕೊಳ್ಳೋಕೆ ಹೇಳು, ಬಿಸಿ ಸೂಪ್ ಕುಡಿದು ಮಲಗೋಕೆ ಹೇಳು...

ಅದನ್ನೆಲ್ಲ ಯಾರಿಗೆ ಹೇಳಿದ್ದೆ, ಹೂಗೆಟ್?